ನೆರಳಿಗಿಟ್ಟ ದಿಮ್ಮಿಗಳು

ಗರಗಸದ ಹಲ್ಲಿಗೆ ಹಾಲು ಅಂಟುತ್ತಲೇ ಇಲ್ಲ, ಹಲಸು ಕೊಯ್ಯುವಾಗ ಹರಳೆಣ್ಣೆ ಸವರಿ ಸವರಿ ಸಾಕಾಗಬೇಕು, ಇದರ ಮೈಯಲ್ಲಿ ಹಾಲೇ ಬತ್ತಿಹೋಗಿದೆ, ಮೌನಾಚಾರಿಯ ರಟ್ಟೆ ಸೋತು ಬಂತು, ಸೋತದ್ದು ರಟ್ಟೆಯೊಂದೇ ಅಲ್ಲ — ಸೋಮಮ್ಮನ ಅತ್ತೆ ನೆಟ್ಟ ಮರ, ಬಾಬುರಾಯನಕೊಪ್ಪಲಿನ ಅರ್ಧ ಊರು ಇದರ ತೊಳೆ ತಿಂದು ಬೆಳೆದಿದೆ, ತಾನೂ ತಿಂದಿದ್ದಾನೆ, ತೊಂಬತ್ತೈದನೇ ಇಸವಿಯ ಬಿರುಬೇಸಿಗೆಯಲ್ಲೂ ಮೈತುಂಬ ಕಾಯಿ ಹೊತ್ತಿತ್ತು, ಈ ವರ್ಷ ತುದಿಯಿಂದ ಒಣಗುತ್ತ ಬಂತು, ನಿನ್ನೆ ತೋಟಗಾರಿಕೆ ಇಲಾಖೆಯವರು ಚಾಕುವಿನಲ್ಲಿ ತೊಗಟೆ ಕೆತ್ತಿ ತೋರಿಸಿದರು, ಒಳಗೆಲ್ಲ ಕಪ್ಪು ಗೆರೆ, ಎಳ್ಳಿಗಿಂತ ಚಿಕ್ಕ ದುಂಬಿ ಕಣ್ರೀ, ಒಣಗಿದ ಮರದಿಂದ ಹಸಿ ಮರಕ್ಕೆ ಹಾರಿ ಕೊರೆಯುತ್ತೆ, ಮೈಮೇಲೆ ಬೂಷ್ಟುರೋಗ ಹೊತ್ತು ತರುತ್ತೆ, ಕಡಿದು ಸುಟ್ಟುಬಿಡಿ, ಇಲ್ಲದಿದ್ದರೆ ಪಕ್ಕದ ಮಾವಿಗೂ ಹತ್ತುತ್ತೆ. ಎಲ್ಲಿಂದ ಬಂದಿರಬಹುದು ಎಂದೂ ಕೇಳಿದರು. ಯಾರ್ಗೊತ್ತು ಸ್ವಾಮಿ ಅಂದಳು ಸೋಮಮ್ಮ. ತಾನು ಉಳಿಯ ಮೊನೆ ನೋಡುತ್ತ ನಿಂತಿದ್ದ.

ತನಗೆ ಗೊತ್ತಿತ್ತು. ಕಿರಂಗೂರಿನ ಚೌಡಯ್ಯನ ತೋಟದಲ್ಲಿ ಒಣಗಿ ನಿಂತ ಹಲಸು, ಹೋದ ವರ್ಷ ದಿಮ್ಮಿ ಮಾಡಿ ಗಾಡಿಗೆ ಹೇರುವಾಗಲೇ ಕಂಡಿತ್ತು, ಸೂಜಿಮೊನೆಯಷ್ಟು ತೂತಿನಿಂದ ಹೊರಗೆ ಚಾಚಿದ ಬಿಳಿ ಹುಡಿಯ ಎಳೆ, ಊದುಬತ್ತಿಯ ಬೂದಿ ಮುರಿಯದೆ ನಿಂತ ಹಾಗೆ, ಉಗುರಿನಿಂದ ತಟ್ಟಿದ, ಉದುರಿತು, ತೊಗಟೆ ದಾಟಿ ಒಳಗಿನ ಗಟ್ಟಿ ಚೇಗಿಗೆ ಹೋಗಲ್ಲ ಬುಡು ಅಂದುಕೊಂಡ, ಆಗಷ್ಟೇ ಕೊಯ್ದ ದಿಮ್ಮಿ ಬಿಸಿಲಿಗಿಟ್ಟರೆ ಸೀಳುತ್ತದೆ, ಗಂಜಾಂನಲ್ಲಿ ತನ್ನ ಮನೆ ಮುಂದೆ ಬೊಗಸೆ ನೆರಳಿಲ್ಲ, ಸೋಮಕ್ಕ, ನಾಕು ತಿಂಗ್ಳು ನಿಮ್ ಹಲಸಿನ ಬುಡದಾಗೆ ಇಟ್ಕತೀನಿ ಅಂದ, ಮಡಿಕಳಿ ಆಚಾರ್ರೇ, ನೆಳ್ಳೇನು ಸವ್ದೋಯ್ತದಾ ಅಂದಳು, ಆ ದಿಮ್ಮಿಗಳು ಆಗಲೇ ಯಾರದೋ ಮನೆಯ ಬಾಗಿಲಾಗಿವೆ, ಬಂದವರಿಗೆ ತೋರಿಸಲು ತೊಗಟೆಯ ಚೂರೂ ಉಳಿದಿಲ್ಲ, ಆ ಸಮಾಧಾನಕ್ಕೇ ಈಗ ನಾಚಿಕೆಯಾಗುತ್ತದೆ.

ಸೋಮಮ್ಮ ಒಂದು ಕೈಲಿ ಪೊರಕೆ, ಇನ್ನೊಂದರಲ್ಲಿ ಲೋಟ ಹಿಡಿದು ಬರುತ್ತಾಳೆ, ಕಾಫಿ ಕುಡೀರಿ ಆಚಾರ್ರೇ, ಆರೋಯ್ತದೆ, ದಿನಾ ಬೆಳಿಗ್ಗೆ ಬುಡದಾಗೆ ಅಕ್ಕಿ ಇಟ್ಟಿನಂಗೆ ಬಿದ್ದಿರೋದು, ನಿಮ್ ಗರಗಸದ ಹುಡಿ ಅನ್ಕಂಡು ಗುಡಿಸಿ ಗುಡಿಸಿ ಮಾವಿನ ಬುಡಕ್ಕೆ ಆಕ್ತಿದ್ದೆ, ಗೊಬ್ರ ಆಗ್ಲಿ ಅಂತ. ತಾನು ಈ ಮರದಡಿ ಇವತ್ತಿನವರೆಗೆ ಗರಗಸವನ್ನೇ ಆಡಿಸಿಲ್ಲ, ಹೇಳಬೇಕು, ಈಗಲೇ ಹೇಳಬೇಕು, ಕಾಫಿಯ ಲೋಟ ಕೈಯಲ್ಲಿ ಬಿಸಿಯಾಗಿದೆ, ಇದು ಓದ್ರೆ ಓಗ್ಲಿ, ಮಾವೊಂದು ಉಳಕಂಡ್ರೆ ಸಾಕು ಅನ್ನುತ್ತಾಳೆ, ಹೂಂ ಅನ್ನಲೆಂದು ಮಾವಿನ ಕಡೆ ತಿರುಗುತ್ತಾನೆ — ಮೊಣಕಾಲೆತ್ತರದಲ್ಲಿ, ಕಪ್ಪು ತೊಗಟೆಯ ಮೇಲೆ, ಒಂದು ಎಳೆ, ಬಿಳಿ, ಗಾಳಿ ಬೀಸುತ್ತಿದೆ, ಮುರಿಯುತ್ತಿಲ್ಲ, ಒಂದು ಎಳೆ