ಒಪ್ಪಿಗೆ ಕೇಳದ ಪುಟ

ಮಿ ಸಾನ್ ಯೀಗೆ ಆ ಮಧ್ಯಾಹ್ನ ಬಂದ ಸಿಟ್ಟು ಅಷ್ಟಿಷ್ಟಲ್ಲ. ಥಾಯ್ ನಾಡಿನ ಮಹಾಚಾಯ್ ಪೇಟೆಯಲ್ಲಿ ರೈಲುಹಳಿಯ ಪಕ್ಕದ ಆಫೀಸಿನಲ್ಲಿ ಆಕೆ ಬರ್ಮೀಸ್ ಅನುವಾದಕಿ. ಮೀನುಪೇಟೆಯ ಆಚೆ ವಲಸೆ ಕೂಲಿಕಾರರ ಮಕ್ಕಳಿಗೆಂದು ಒಂದು ದತ್ತಿಶಾಲೆಯಿದೆ. ಅದರ ವೆಬ್‌ಸೈಟ್ ಮಾಡಿಕೊಟ್ಟದ್ದು ಇದೇ ಆಫೀಸು. ಥಾಯ್, ಖ್ಮೇರ್, ಬರ್ಮೀಸ್, ಮೂರು ಭಾಷೆಗೆ ಮೂರು ಬೇರೆ ಬೇರೆ ವಿಳಾಸ. ನಲವತ್ತು ಸೀಟು, ಅರ್ಜಿಗೆ ಇವತ್ತು ಸಂಜೆ ನಾಲ್ಕು ಗಂಟೆಯೇ ಗಡುವು. ಹನ್ನೆರಡು ದಿನದಲ್ಲಿ ಬರ್ಮೀಸ್ ವಿಳಾಸದಿಂದ ಒಂದೇ ಒಂದು ಅರ್ಜಿಯೂ ಬಂದಿಲ್ಲವೆಂದು ಆಕೆಗೆ ಈಗಷ್ಟೇ ತಿಳಿದಿತ್ತು.

"ಅವ್ರಿಗೆ ಓದು ಎಲ್ಲಿ ಬೇಕಮ್ಮ?" ಮ್ಯಾನೇಜರ್ ತವೀಸಕ್ ಮೀನುಂಡೆಯ ನೂಡಲ್ಸ್ ಮೆಲ್ಲುತ್ತಾ ಅಂದ. "ಮಕ್ಕಳು ಸೀಗಡಿ ಸುಲಿದ್ರೆ ಸಾಕು."

ಸಾನ್ ಯೀಯ ಅಕ್ಕ ಮಿ ಚೋ ಸೀಗಡಿ ಸುಲಿಯುವ ಶೆಡ್ಡಿನಲ್ಲೇ ಕೆಲಸಕ್ಕಿರುವುದು. ಅಕ್ಕನ ಮಗಳು ಪಕಾವ್‌ಗೆ ಬರುವ ತಿಂಗಳು ಒಂಬತ್ತು ತುಂಬುತ್ತದೆ, ಒಂಬತ್ತು ತುಂಬಿದವರನ್ನು ಆ ಶಾಲೆ ಸೇರಿಸಿಕೊಳ್ಳುವುದಿಲ್ಲ. ಇವತ್ತು ತಪ್ಪಿದರೆ ಹುಡುಗಿಯ ಪಾಲಿಗೆ ಅಮ್ಮನ ಪಕ್ಕದ ಸುಲಿಯುವ ಬೆಂಚೇ ಗತಿ. ಅಕ್ಕ ಅರ್ಜಿ ಹಾಕಿಯೇ ಹಾಕಿರುತ್ತಾಳೆ ಎಂದು ಇವಳು ಇಷ್ಟು ದಿನ ನೆಮ್ಮದಿಯಾಗಿದ್ದಳು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಒತ್ತಿ ಒತ್ತಿ ಬೆರಳು ಸವೆದೋಯ್ತು ಕಣೇ, ಅರ್ಜಿ ಹೋಗ್ತಾನೇ ಇಲ್ಲ. ನನ್ ಫೋನೇ ಕೆಟ್ಟಿದೆ ಅಂತ ನಾಚಿಕೆಯಾಗಿ ಹೇಳಿರ್ಲಿಲ್ಲ. ಈಗ ನೋಡಿದ್ರೆ ಶೆಡ್ಡಲ್ಲಿ ಎಲ್ಲಾರ್ದೂ ಹಿಂಗೇ ಅಂತೆ. ಒಬ್ರಿಗೊಬ್ರು ಬಾಯೇ ಬಿಟ್ಟಿಲ್ಲ."

ಸಾನ್ ಯೀ ಹೋಗಿ ತವೀಸಕ್‌ಗೆ ಹೇಳಿದಳು. ಅವನು ನಕ್ಕ. "ಸೀಗಡಿ ಕೈ ತೊಳ್ಕೊಂಡು ಒತ್ತೋಕೆ ಹೇಳು. ಒದ್ದೆ ಬೆರಳಿಗೆ ಫೋನ್ ಹೇಗಮ್ಮ ಕೇಳುತ್ತೆ?"

ಅವಳ ಮೈಯೆಲ್ಲ ಉರಿದುಹೋಯಿತು. ಇವನ ಹತ್ತಿರ ಏನು ಮಾತು ಎಂದುಕೊಂಡು, ಕೋಡ್ ಬರೆಯುವ ಗಾಲ್ಫ್‌ನ ಮೇಜಿನ ಮುಂದೆ ಹೋಗಿ ನಿಂತಳು. ಗಾಲ್ಫ್ ಅವನ ಅಡ್ಡಹೆಸರು. ಅಪ್ಪ ಇಟ್ಟ ಹೆಸರು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಥಾಯ್ ಪುಟ ತೆಗೆದು ಒತ್ತಿ ತೋರಿಸಿದ. ಅರ್ಜಿ ಸಲೀಸಾಗಿ ಹೋಯಿತು.

"ನೋಡು, ಸರಿಯಾಗೇ ಇದೆ."

"ಥಾಯ್ ಅಲ್ಲಣ್ಣ, ಬರ್ಮೀಸ್ ತೆಗಿ."

"ಎಲ್ಲಾ ಒಂದೇ ಕೋಡ್ ಕಣೇ."

"ಒಂದೇ ಆದ್ರೆ ತೆಗಿಯೋಕೇನು ದಾಡಿ? ಹನ್ನೆರಡು ದಿನದಲ್ಲಿ ಒಂದ್ಸಲನಾದ್ರೂ ಆ ವಿಳಾಸ ತೆಗೆದು ಒತ್ತಿದೀಯಾ?"

"ನಂಗೆ ಆ ಲಿಪಿ ಓದೋಕೆ ಬರಲ್ಲ."

"ಒತ್ತೋಕೆ ಬರುತ್ತಲ್ಲ, ಒತ್ತು!"

ಗಾಲ್ಫ್ ಒತ್ತಿದ. ಮತ್ತೆ ಒತ್ತಿದ. ಪುಟ ಮಿಸುಕಲಿಲ್ಲ. ದೋಷ ತೋರಿಸುವ ಕಿಟಕಿ ತೆಗೆದರೆ ಅಲ್ಲಿ ಒಂದು ಕೆಂಪು ಸಾಲೂ ಇಲ್ಲ. ಅರ್ಜಿ ಕಳಿಸುವ ಕೋಡಿನ ತುಂಡು, ಅಂದರೆ ಸ್ಕ್ರಿಪ್ಟ್, ಕೆಟ್ಟಿದ್ದರೆ ತಾನೆ ದೋಷ ಕಾಣುವುದು? ಅದು ಲೋಡೇ ಆಗಿರಲಿಲ್ಲ. ಗಾಲ್ಫ್ ಕೋಡಿನ ಸಾಲುಗಳನ್ನು ಮೇಲೆ ಕೆಳಗೆ ತಡಕಾಡಿದ. ಒಂದು ಸಾಲಿನ ಹತ್ತಿರ ನಿಂತ. ಅವನ ಮುಖ ಪೆಚ್ಚಾಯಿತು.

"ನಿಮ್ಮ ವಿವರ ಇಟ್ಕೋಬಹುದಾ ಅಂತ ಮೊದ್ಲು ಒಂದು ಚೌಕ ಬರ್ಬೇಕು," ಎಂದು ಗೊಣಗಿದ. "ಒಪ್ಪಿಗೆ ಅಂತ ಒತ್ತಿದ ಮೇಲೇ ಅರ್ಜಿ ಕಳಿಸೋ ಸ್ಕ್ರಿಪ್ಟ್ ಲೋಡ್ ಆಗೋದು. ಚೌಕದ ಮಾತು ಬರ್ಮೀಸ್‌ಗೆ ಅನುವಾದ ಆಗಿರ್ಲಿಲ್ಲ. ಅದಕ್ಕೆ ಈ ವಿಳಾಸದಲ್ಲಿ ಚೌಕ ಮುಚ್ಚಿಟ್ಟಿದ್ದೆ."

"ಮುಚ್ಚು ಅಂದಿದ್ಯಾರು?"

ಗಾಲ್ಫ್‌ನ ಕಣ್ಣು ತವೀಸಕ್‌ನ ಮೇಜಿನ ಕಡೆ ಹೋಯಿತು.

"ಎಷ್ಟು ಸಾಲು?"

"ಮೂರು."

ಮೂರು ಸಾಲು! ಶಾಲೆಯ ಸಮವಸ್ತ್ರದ ಗುಂಡಿ ಯಾವ ಬಣ್ಣ ಎನ್ನುವುದರವರೆಗೆ ಅರವತ್ತು ಪುಟ ಅನುವಾದಿಸಿದವಳು ಅವಳು. ಈ ಮೂರು ಸಾಲು ಬೇಕೆಂದು ಒಬ್ಬನೂ ಕೇಳಲಿಲ್ಲ. "ಕೇಳದೇ ಇರೋ ಒಪ್ಪಿಗೇನ ಅವ್ರು ಹೆಂಗ್ ಕೊಡ್ತಾರೋ?" ಎಂದು ಅವಳು ಕೂಗಿದ್ದಕ್ಕೆ ಆಫೀಸೇ ತಿರುಗಿ ನೋಡಿತು. ನಿಂತಲ್ಲೇ ಮೂರು ಸಾಲು ಬರೆದುಕೊಟ್ಟಳು. ಗಾಲ್ಫ್ ಚೌಕ ತೆರೆದ. ಆಗ ಗಂಟೆ ಮೂರೂ ಹತ್ತು.

"ಇನ್ಯಾಕೆ ಅದೆಲ್ಲ?" ತವೀಸಕ್ ಎದ್ದು ಬಂದ. "ಬರ್ಮೀಸ್ ಅರ್ಜಿ ಇಲ್ಲ ಅಂತ ಮಧ್ಯಾಹ್ನವೇ ಶಾಲೆಗೆ ಪಟ್ಟಿ ಕಳ್ಸಿಬಿಟ್ಟೆ. ತಾಂತ್ರಿಕ ಕಾರಣದಿಂದ ಅಡಚಣೆಯಾಯ್ತು, ಮುಂದಿನ ವರ್ಷ ಪ್ರಯತ್ನಿಸಿ ಅಂತ ನಿನ್ ಭಾಷೇಲಿ ಹಾಕ್ಬಿಡು."

ಸಾನ್ ಯೀ ಕೂತು ಟೈಪ್ ಮಾಡಿ ಪುಟಕ್ಕೆ ಏರಿಸಿದಳು, ಶೆಡ್ಡಿಗೆಲ್ಲ ತೋರಿಸೆಂದು ಅಕ್ಕನಿಗೂ ಕಳಿಸಿದಳು.

"ನಾನು ಹೇಳಿದ್ದೇ ಹಾಕಿದೀಯ ತಾನೆ?"

"ನಡೆದಿದ್ದನ್ನ ಹಾಕಿದೀನಿ, ಕೇಳಿ. 'ನಿಮ್ಮ ಫೋನು ಸರಿಯಾಗಿತ್ತು. ತಪ್ಪು ನಮ್ಮದು. ಗಡುವು ಇನ್ನೂ ಮುಗಿದಿಲ್ಲ. ಮಕ್ಕಳನ್ನು ಕರೆದುಕೊಂಡು ಈಗಲೇ ಶಾಲೆಗೆ ಹೋಗಿ.'"

"ತಲೆ ಕೆಟ್ಟಿದೆಯಾ ನಿಂಗೆ? ತೆಗಿ ಅದನ್ನ!"

"ನೀವೇ ತೆಗೀರಿ. ಯಾವ ಸಾಲು ಅಂತ ಗೊತ್ತಾದ್ರೆ!"

ಅವನು ಕಿರುಚಾಡುತ್ತಿರುವಾಗಲೇ ಶಾಲೆಯ ಮುಖ್ಯೋಪಾಧ್ಯಾಯಿನಿಯ ಫೋನು ಬಂತು. ಗೇಟಿನ ಮುಂದೆ ರಬ್ಬರ್ ಬೂಟು ಹಾಕಿದ ಹೆಂಗಸರು ತುಂಬಿದ್ದಾರೆ, ಇಬ್ಬರೂ ತಕ್ಷಣ ಹೊರಟು ಬನ್ನಿ ಎಂದರು.

ಅವರಿಬ್ಬರೂ ಹೋದಾಗ ನಾಲ್ಕಕ್ಕೆ ಕಾಲು ಗಂಟೆಯಿತ್ತು. ಮುಖ್ಯೋಪಾಧ್ಯಾಯಿನಿ ಮೇಜನ್ನು ಗೇಟಿಗೇ ತರಿಸಿಕೊಂಡು ಕೂತಿದ್ದರು. ತವೀಸಕ್ ಬೆವರೊರೆಸಿಕೊಳ್ಳುತ್ತಾ "ತಾಂತ್ರಿಕ..." ಎಂದು ಶುರುಮಾಡಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಾಲ್ಕು ಅಂದ್ರೆ ನಾಲ್ಕು. ನಿಮ್ಮ ಪಟ್ಟಿ ಇನ್ನೂ ಗೋಡೆಗೆ ಅಂಟಿಸಿಲ್ಲ. ವಯಸ್ಸು ಮೀರ್ತಾ ಇರೋರು ಮೊದ್ಲು. ನೀನು ಹೆಸರು ಕೂಗಮ್ಮ, ನಾನು ಬರ್ಕೋತೀನಿ."

ಮೊದಲು ಬರೆದದ್ದೇ ಪಕಾವ್‌ಳ ಹೆಸರು. ಸೀಟು ಸಿಕ್ಕಿತು. ಸಾನ್ ಯೀಗೆ ಉಸಿರು ಬಂದಂತಾಯಿತು, ಆದರೆ ಅಕ್ಕನ ಮುಖದಲ್ಲಿ ಗೆಲುವಿರಲಿಲ್ಲ.

"ಫೋನ್ ಸರಿಯಾಗಿತ್ತು ಅಂತ ಬರೆದಿದ್ಯಲ್ಲೇ, ನಿಜಾನಾ?"

"ನಿಜ ಕಣಕ್ಕ."

ಮಿ ಚೋ ಮಗಳ ತಲೆಯನ್ನು ಹೊಟ್ಟೆಗೆ ಅವಚಿಕೊಂಡಳು. "ಫೋನ್ ಹಾಳ್ಮಾಡಿದ್ದು ನೀನೇ ಅಂತ ನಿನ್ನೆ ಇವ್ಳಿಗೆ ಹೊಡೆದ್ಬಿಟ್ಟೆ ಕಣೇ. ನಾನು ಮುಟ್ಟಿಲ್ಲಮ್ಮ, ಮುಟ್ಟಿಲ್ಲಮ್ಮ ಅಂತಾನೇ ಇತ್ತು ಮಗು. ಬಿಡ್ಲಿಲ್ಲ, ಬೆತ್ತ ಮುರಿಯೋ ಹಂಗೆ ಹೊಡೆದೆ."

ಪಕಾವ್‌ಳ ಮೀನಖಂಡದಲ್ಲಿ ಬಾಸುಂಡೆ ಇನ್ನೂ ಕೆಂಪಗಿತ್ತು.

"ಏನಂತೆ?" ಎಂದ ತವೀಸಕ್.

ಸಾನ್ ಯೀ ಒಂದಕ್ಷರ ಬಿಡದೆ ಅವನಿಗೆ ಥಾಯ್‌ನಲ್ಲಿ ಹೇಳಿದಳು.