ಶರಣು ಹೇಳುವ ಹೆಸರು

"ಶಿವರುದ್ರಪ್ಪನವರಿಗೆ ಶರಣು!" ಎಂದು ಊಟಕ್ಕೆ ಕೂತ ಮಕ್ಕಳೆಲ್ಲ ಒಕ್ಕೊರಲಿನಿಂದ ಕೂಗಿದಾಗ ಶಿವರುದ್ರಪ್ಪನವರು ಕೈ ಮುಗಿಯುವುದನ್ನೂ ಮರೆತು ಪಿಳಿಪಿಳಿ ಕಣ್ಣು ಬಿಟ್ಟರು. ಹೆಗಲಿಗೆ ಆಗಷ್ಟೇ ಹೊದಿಸಿದ ಶಾಲು ಒಂದು ಕಡೆಗೆ ಜಾರಿತು.

ಮಕ್ಕಳದೇನೂ ತಪ್ಪಿರಲಿಲ್ಲ. ಅಗ್ರಹಾರದ ಈ ಉಚಿತ ವಿದ್ಯಾರ್ಥಿನಿಲಯದಲ್ಲಿ ಅಂದಿನ ಊಟ ಯಾರ ಹೆಸರಿನದೋ ಅವರಿಗೆ ಶರಣು ಹೇಳಿಯೇ ತುತ್ತು ಎತ್ತುವುದು ರೂಢಿ. ಹೆಂಡತಿ ಸಿದ್ದಲಿಂಗಮ್ಮ ತೀರಿಕೊಂಡ ಮೇಲೆ ಪ್ರತಿವರ್ಷ ಆ ದಿನ ಶಿವರುದ್ರಪ್ಪನವರು ಅವಳ ಹೆಸರಿನಲ್ಲಿ ಇಲ್ಲಿ ಊಟ ಹಾಕಿಸುತ್ತಿದ್ದರು. ಹಳೆಯ ವಾರ್ಡನ್ ಶಾಮಣ್ಣನಿಗೆ ಏನೂ ಬಿಡಿಸಿ ಹೇಳಬೇಕಿರಲಿಲ್ಲ. ಈ ಸಲ ಶಾಮಣ್ಣ ನಿವೃತ್ತನಾಗಿದ್ದ. ಇವರೋ, ಹೊಸದಾಗಿ ಕಲಿತ ಹುಮ್ಮಸ್ಸಿನಲ್ಲಿ ಫೋನಿನಲ್ಲೇ ಹಣ ಕಳಿಸಿ ಬೀಗಿದ್ದರು. ಫೋನು ತೋರಿಸಿದ ಹೆಸರನ್ನೇ ಹೊಸ ವಾರ್ಡನ್ ತೇಜಸ್ವಿನಿ ಮಕ್ಕಳಿಗೆ ಹೇಳಿಕೊಟ್ಟಿದ್ದಳು.

ಬದುಕಿರುವವರಿಗೇ ಶರಣು ಹೇಳಿದರೆ ಗಂಟೇನು ಹೋಯಿತು ಎನ್ನಬಹುದು. ಆದರೆ ಅವರು ಸರಸ್ವತಿಪುರಂನಿಂದ ಇಸ್ತ್ರಿ ಮಾಡಿದ ಪಂಚೆಯುಟ್ಟು, ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದುದೇ ಆ ಇನ್ನೊಂದು ಹೆಸರು ಕೇಳಲು. ಮಕ್ಕಳಿಲ್ಲದ ಮನೆ. ಅವಳನ್ನು ಸಿದ್ದಮ್ಮಾ ಎಂದು ಬಾಯ್ತುಂಬ ಕರೆಯುತ್ತಿದ್ದ ಅತ್ತೆ ಹೋಗಿ ಎಷ್ಟೋ ಕಾಲವಾಗಿತ್ತು. ಪಕ್ಕದ ಮನೆಗೆ ಬರುವವರೆಲ್ಲ ಹೊಸ ಬಾಡಿಗೆಯವರು, ಅವರಿಗೆ ಅವಳು ಯಾರೋ ಏನೋ. ತಾವೇ ಹೇಳಿಕೊಳ್ಳೋಣವೆಂದರೆ, ಸಂಸಾರ ಮಾಡಿದಷ್ಟು ಕಾಲವೂ ಅವರು ಹೆಂಡತಿಯ ಹೆಸರು ಹಿಡಿದು ಕರೆದವರೇ ಅಲ್ಲ. "ಏ ಇವ್ಳೇ" ಎಂದರೆ ಸಾಕು, ಅಡುಗೆಮನೆಯಿಂದ "ಬಂದೆ ಕಣ್ರೀ" ಕೇಳಿಸುತ್ತಿತ್ತು. ಅದು ಬಿಂಕವೋ ನಾಚಿಕೆಯೋ, ಅವರಿಗೇ ತಿಳಿಯದು. ವರ್ಷಕ್ಕೊಮ್ಮೆ ಇಷ್ಟು ಬಾಯಲ್ಲಿ ಆ ಹೆಸರು ಕೇಳಿದರೆ, ಅವಳು ಇದ್ದದ್ದು ನಿಜ ಎನ್ನಿಸಿ ಇನ್ನೊಂದು ವರ್ಷ ತಳ್ಳುವ ಧೈರ್ಯ ಬರುತ್ತಿತ್ತು.

"ಇಲ್ಲಿ ನೋಡಿ ಸಾರ್, ಒಂದು ಫೋಟೊ," ಎಂದಳು ತೇಜಸ್ವಿನಿ.

"ಫೋಟೊ ಇರ್ಲಿ ಕಣಮ್ಮ. ಹೆಸ್ರು ತಪ್ಪೋಯ್ತು. ನಂದಲ್ಲ, ನಮ್ಮನೇವ್ರದ್ದು ಹೇಳ್ಬೇಕಿತ್ತು."

"ಅಯ್ಯೋ, ಗೊತ್ತಾಗ್ಲೇ ಇಲ್ಲ ಸಾರ್! ತಡೀರಿ, ಇನ್ನೊಂದ್ಸಲ ಹೇಳಿಸ್ಬುಡ್ತೀನಿ. ಏನವರ ಹೆಸರು?"

"ಅದೇ... ಶಾಮಣ್ಣಂಗೆ ಗೊತ್ತಿತ್ತಲ್ಲ."

"ಶಾಮಣ್ಣೋರು ಈಗಿಲ್ವಲ್ಲ ಸಾರ್." ಅವಳು ನಕ್ಕು ಮೈಕನ್ನು ಅವರ ಕೈಗಿತ್ತಳು. "ನೀವೇ ಹೇಳ್ಬುಡಿ. ಮಕ್ಳು ಕೇಳಿಸ್ಕೊಂಡು ಹೇಳ್ತವೆ."

ಮೈಕಿನಲ್ಲಿ ಮೊದಲು ಅವರ ಉಸಿರು ಕೇಳಿಸಿತು. ಆಮೇಲೊಂದು ಕೆಮ್ಮು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು, ಪಕ್ಕದವಳು ತಿವಿದ ಮೇಲೆ ಸುಮ್ಮನಾದಳು. ಅಡುಗೆಯ ಕೆಂಚಮ್ಮ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದಳು.

"ಬಿರ್‍ರನೆ ಯೋಳ್ಬುಡಿ ಬುದ್ಧಿ, ಪಾಯ್ಸ ಆರೋಯ್ತದೆ," ಎಂದು ಹೇಳಿ ಒಳಗೆ ಹೋದಳು.

ಶಿವರುದ್ರಪ್ಪನವರಿಗೆ 'ದಿವಂಗತ ಶ್ರೀಮತಿ' ಎಂದು ಶಾಮಣ್ಣ ಶುರು ಮಾಡುತ್ತಿದ್ದುದು ನೆನಪಿತ್ತು. ಅಷ್ಟನ್ನೂ ಒಳಗೊಳಗೇ ಜೋಡಿಸಿಕೊಂಡು ಬಾಯಿ ತೆರೆದರೆ ಹೊರಬಂದದ್ದು ಬೇರೆಯೇ.

"ಸಿದ್ದಲಿಂಗೂ..."

ನಡುಮನೆಯಲ್ಲಿ ಕೂತು ಒಳಗಿರುವವರನ್ನು ಕೂಗುವ ಧ್ವನಿ ಅದು. ಸ್ಪೀಕರಿನಿಂದ ಹೊರಟು ಗೋಡೆ ಮುಟ್ಟಿ ಸುಮ್ಮನಾಯಿತು. ಇಷ್ಟೇನಾ, ಇನ್ನೂ ಇದೆಯಾ ಎಂದು ತಿಳಿಯದೆ ಮಕ್ಕಳು ತೇಜಸ್ವಿನಿಯ ಮುಖ ನೋಡಿದರು. ಅವಳು ಮೆಲ್ಲಗೆ ತಲೆಯಾಡಿಸಿದ ಮೇಲೆ ಶರಣು ಹೇಳಿ ತಟ್ಟೆಗಳಿಗೆ ಬಗ್ಗಿದರು.

ಶಿವರುದ್ರಪ್ಪನವರು ಮಾತ್ರ ಮೈಕನ್ನು ಹಿಡಿದುಕೊಂಡೇ, ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ನಿಂತಿದ್ದರು.