ಇನ್ನೂರ ಹದಿನೇಳನೆಯ ಸಾಲು

“ನನ್ನಿಂದ ನಿಮಗೆ ಇಷ್ಟು ತೊಂದರೆಯಾಗುತ್ತಿದೆ ಎಂದು ಗೊತ್ತಿರಲಿಲ್ಲ. ಲಿಂಕ್ ಒಂದನ್ನೇ ತೆಗೆಯುವುದು ಹೇಗೆಂದು ತಿಳಿಯದೆ ಇಡೀ ಬರಹವನ್ನೇ ಅಳಿಸಿದ್ದೇನೆ. ಅಂಗಡಿಯ ಯಜಮಾನರಿಗೆ ನನ್ನ ಕ್ಷಮಾಪಣೆ ತಿಳಿಸಿ.”

ಕೆಳಗೆ ‘ನಿವೃತ್ತ ಹೊಲಿಗೆ ಟೀಚರ್’ ಎಂದಷ್ಟೇ ಇತ್ತು. ಸೊಸೆ ಅದನ್ನು ಎರಡು ಸಲ ಓದಿದಳು. ಮುನ್ನೂರ ಹನ್ನೆರಡು ಜನರಿಗೆ ಪತ್ರ ಕಳಿಸಿ ನಾಲ್ಕು ದಿನವಾಗಿತ್ತು. ಉತ್ತರ ಬಂದದ್ದು ಇದೊಂದೇ.

ಅಂಗಡಿ ಹೊಲಿಗೆ ಯಂತ್ರಗಳ ರಿಪೇರಿಯದು. ಮುಂದೆ ಮಾವ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ಹಿಂದೆ, ಹಳೆಯ ಬೆಲ್ಟುಗಳು ನೇತಾಡುವ ಗೋಡೆಯ ಪಕ್ಕ, ಸೊಸೆ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಆರು ವರ್ಷದ ಹಿಂದೆ ಅಂಗಡಿಗೆ ವೆಬ್‌ಸೈಟ್ ಮಾಡಿದ್ದು ಅವಳೇ. ಹೊಲಿಗೆ ಯಂತ್ರದ ರಿಪೇರಿ ಎಂದು ಊರಲ್ಲಿ ಯಾರು ಹುಡುಕಿದರೂ ಮೊದಲ ಪುಟದಲ್ಲೇ, ಐದೋ ಆರೋ ಸ್ಥಾನದಲ್ಲಿ ಮಾವನ ಅಂಗಡಿ ಕಾಣುತ್ತಿತ್ತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳಿಗೆ ಮೊದಲ ಸ್ಥಾನದ ಮೇಲೆ ಕಣ್ಣು ಬಿತ್ತು. ಬೇರೆ ಸೈಟುಗಳು ನಮ್ಮ ಸೈಟಿಗೆ ಎಷ್ಟು ಲಿಂಕ್ ಕೊಟ್ಟರೆ ನಾವು ಅಷ್ಟು ಮೇಲೆ ಹೋಗುತ್ತೇವೆ ಎಂದು ಫೋನಿನಲ್ಲಿ ಒಬ್ಬ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ವಿವರಿಸಿದ. ಅವನಿಂದ ಮುನ್ನೂರು ಲಿಂಕ್ ಕೊಂಡದ್ದೂ ಆಯಿತು. ಎರಡೇ ತಿಂಗಳಲ್ಲಿ ಅಂಗಡಿ ಮೊದಲ ಪುಟದಿಂದ ಮಾಯವಾಯಿತು. ಹತ್ತನೆಯ ಪುಟದವರೆಗೆ ತಡಕಿದರೂ ಇಲ್ಲ. ದುಡ್ಡಿಗೆ ಕೊಂಡ ಲಿಂಕುಗಳು ಸರ್ಚ್ ಕಂಪನಿಯವರ ಕಣ್ಣಿಗೆ ಬಿದ್ದು, ಅವರು ಅಂಗಡಿಯನ್ನು ಹಿಂದಕ್ಕೆ ತಳ್ಳಿದ್ದರು. ಫೋನಿನವನೂ ನಾಪತ್ತೆ.

“ಈ ನಾಯಿ ಬಿಸ್ಕತ್ತಿನವ್ರಿಗೂ ನಮಗೂ ಏನಮ್ಮ ನೆಂಟಸ್ತನ?” ಎಂದು ಮಾವ ಲಿಂಕ್ ಕೊಟ್ಟವರ ಪಟ್ಟಿ ನೋಡಿ ಕೇಳಿದ್ದರು. ನಾಯಿ ಬಿಸ್ಕತ್ತಿನವರು, ಕೂದಲು ಉದುರುವುದಕ್ಕೆ ಎಣ್ಣೆ ಮಾರುವವರು, ಇಸ್ಪೀಟು ಆಡಿಸುವವರು, ಎಲ್ಲರೂ ಒಂದೇ ಬಾಯಲ್ಲಿ ಮಾವನ ರಿಪೇರಿಯನ್ನು ಹೊಗಳಿದ್ದರು.

ಮಾವ ಬೈಯಲಿಲ್ಲ. “ಈ ತಿಂಗಳು ನೋಡೋಣ. ಕೆಲಸ ಬರ್ಲಿಲ್ಲ ಅಂದ್ರೆ ಬಾಗಿಲು ಎಳೆದುಬಿಡೋಣ. ನನಗೂ ಸಾಕಾಗಿದೆ,” ಎಂದರು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು. ನಲವತ್ತು ವರ್ಷ ತೆರೆದಿದ್ದ ಬಾಗಿಲು ತನ್ನ ಕೈಯಿಂದ ಮುಚ್ಚುತ್ತದೆ ಎಂದು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಲಿಂಕ್ ತೆಗೆಸುವ ಕೆಲಸಕ್ಕೆ ಕೂತಳು. ಯಾರು ಯಾರು ಲಿಂಕ್ ಕೊಟ್ಟಿದ್ದಾರೆಂದು ತೋರಿಸುವ ಪಟ್ಟಿಯಲ್ಲಿ ಕೆಟ್ಟವು ಕೆಂಪು ಬಣ್ಣದಲ್ಲಿದ್ದವು. ಕೆಂಪನ್ನೆಲ್ಲ ಒಟ್ಟುಗೂಡಿಸಿ ಎಲ್ಲರಿಗೂ ಒಂದೇ ಪತ್ರ ಕಳಿಸಿದಳು: ‘ನಿಮ್ಮ ಲಿಂಕ್‌ನಿಂದ ನಮ್ಮ ಅಂಗಡಿಗೆ ಹಾನಿಯಾಗುತ್ತಿದೆ. ಕೂಡಲೇ ತೆಗೆಯಿರಿ.’ ಕೊಂಡದ್ದು ಮುನ್ನೂರಾದರೆ ಮೇಲಿನ ಹನ್ನೆರಡು ಎಲ್ಲಿಂದ ಬಂದವು ಎಂದು ಆ ಗಡಿಬಿಡಿಯಲ್ಲಿ ಕೇಳಿಕೊಳ್ಳಲಿಲ್ಲ.

ಈಗ ಹುಡುಕಿದಳು. ಟೀಚರ್ ಇನ್ನೂರ ಹದಿನೇಳನೆಯ ಸಾಲಿನಲ್ಲಿದ್ದರು. ಅವರ ಬರಹವಿದ್ದ ಪುಟ ಹಳೆಯದು, ಆರು ವರ್ಷದಿಂದ ಹೊಸದೇನೂ ಸೇರಿರಲಿಲ್ಲ, ಅದಕ್ಕೇ ಕೆಂಪು. ಯಾವ ಲಿಂಕ್ ಒತ್ತಿ ಎಷ್ಟು ಜನ ಅಂಗಡಿಯ ಸೈಟಿಗೆ ಬಂದರು ಎಂಬ ಲೆಕ್ಕವನ್ನೂ ತೆರೆದಳು. ಕೊಂಡ ಮುನ್ನೂರರಿಂದ ಒಬ್ಬರೂ ಬಂದಿರಲಿಲ್ಲ. ಟೀಚರ್ ಪುಟದಿಂದ ನಾನೂರಕ್ಕೂ ಹೆಚ್ಚು ಜನ. ಅಂಗಡಿಯನ್ನು ಇಷ್ಟು ವರ್ಷ ಮೊದಲ ಪುಟದಲ್ಲಿ ನಿಲ್ಲಿಸಿದ್ದೇ ಆ ಕೆಂಪು ಸಾಲು.

ಮಾವನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮಾವನಿಗೆ ಮುಖಗಳು ಮರೆಯುತ್ತವೆ, ಯಂತ್ರಗಳು ಮರೆಯುವುದಿಲ್ಲ.

“ಮೂರನೇ ಮಹಡಿ. ಕರೀ ಮೆಷಿನ್ನು, ಕಾಲಲ್ಲಿ ತುಳಿಯೋದು,” ಎಂದರು. ಆಮೇಲೆ, “ಅದ್ಸರಿ, ಏನಂತ ಬರೆದಿದ್ರು?”

“ಓದಿಲ್ಲ ಮಾವ.”

“ಒಂದ್ಸಲಾನೂ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾವ ಚಿಂದಿ ಬಟ್ಟೆಯಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡರು. “ಎಣ್ಣೆ ಡಬ್ಬಿ ತಗೋ. ಹೋಗ್ಬರೋಣ.”

ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಬಾಗಿಲು ತೆಗೆದ ಹೆಂಗಸಿನ ಕನ್ನಡಕ ದಪ್ಪವಾಗಿತ್ತು. ಮಾವನನ್ನು ಕಂಡದ್ದೇ ಆಕೆ ಗಾಬರಿಯಾದರು.

“ತೆಗೆದುಬಿಟ್ಟೆ ಕಣ್ರೀ, ಪೂರ್ತಿ ತೆಗೆದುಬಿಟ್ಟೆ. ಇನ್ನೂ ಕಾಣಿಸ್ತಿದೆಯಾ?”

ಸೊಸೆಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. “ತಪ್ಪು ನಂದು ಟೀಚರ್. ದುಡ್ಡು ಕೊಟ್ಟು ಹಾಕಿಸಿದ ಮುನ್ನೂರು ಸುಳ್ಳು ಲಿಂಕ್ ಇತ್ತು. ಅದರ ಜೊತೆ ನಿಮ್ಮದನ್ನೂ ನೋಡದೆ ಸೇರಿಸಿಬಿಟ್ಟೆ. ನಮ್ಮ ಅಂಗಡಿಗೆ ಜನ ಬರ್ತಿದ್ದಿದ್ದೇ ನಿಮ್ಮಿಂದ.”

“ಹಾಗಾದ್ರೆ ನನ್ನಿಂದ ಹಾನಿ ಏನೂ ಆಗಿಲ್ವಾ?”

“ಇಲ್ಲ.”

ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು. “ನಾಲ್ಕು ದಿನದಿಂದ ಒಂದು ತುತ್ತು ಒಳಗೆ ಇಳಿದಿಲ್ಲ ನನಗೆ,” ಎಂದರು.

“ಅದನ್ನ ಮತ್ತೆ ಹಾಕೋಕಾಗುತ್ತಾ?” ಎಂದಳು ಸೊಸೆ.

“ಎಲ್ಲೂ ಇಟ್ಕೊಂಡಿಲ್ಲಮ್ಮ. ಅಳಿಸಿದ್ದು ಅಳಿಸಿದ್ದೇ.”

ಮಾವ ಆಗಲೇ ಕಿಟಕಿಯ ಬಳಿ ಹೋಗಿ ಕರಿಯ ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಅದರ ಹೊಟ್ಟೆಯೊಳಗೆ ಎಣ್ಣೆ ಬಿಡುತ್ತಿದ್ದರು. ಸೊಸೆ ಕುರ್ಚಿಯ ಹತ್ತಿರ ಬಂದು ಕೇಳಿದಳು, “ಏನು ಬರೆದಿದ್ರಿ ಟೀಚರ್?”

ಟೀಚರ್ ದನಿ ತಗ್ಗಿಸಿದರು. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ದನಿ, ತಗ್ಗಿಸಿದರೂ ಕಿಟಕಿಯವರೆಗೆ ಹೋಗುತ್ತಿತ್ತು.

“ನನಗೆ ಕಣ್ಣು ಮಂಜಾಗೋಕೆ ಶುರುವಾದಾಗ ಮೆಷಿನ್ನು ಹೊಲಿಗೆ ಬಿಡ್ತಾ ಇತ್ತು. ನಿಮ್ಮ ಮಾವ ಅದರ ತಲೆ ಬಿಚ್ಚಿ ಒಯ್ದು, ಎರಡು ದಿನ ಇಟ್ಕೊಂಡು ತಂದ್ರು. ಬೆಲ್ಟ್ ಸಡಿಲ ಆಗಿತ್ತು ಅಂದ್ರು. ಆಮೇಲೆ ನನ್ನೆದುರು ಸೂಜಿ ಬಿಚ್ಚಿ, ಅದರ ಚಪ್ಪಟೆ ಬದಿಗೆ ನನ್ನ ಬೆರಳು ತಾಗಿಸಿ, ನಿಧಾನಕ್ಕೆ ಮತ್ತೆ ಹಾಕಿದ್ರು. ಆಗ ಗೊತ್ತಾಯ್ತು ನನಗೆ. ನಾನೇ ಸೂಜೀನ ತಿರುವುಮುರುವು ಹಾಕಿದ್ದೆ. ಬೆಲ್ಟಿಗೆ ಏನೂ ಆಗಿರ್ಲಿಲ್ಲ. ಹೊಲಿಗೆ ಟೀಚರಿಗೆ ಸೂಜಿ ಹಾಕೋಕೆ ಬರ್ಲಿಲ್ಲ ಅಂತ ಇವರು ಯಾರಿಗೂ ಹೇಳ್ಲಿಲ್ಲ. ನನಗೂ ಹೇಳ್ಲಿಲ್ಲ. ಅದನ್ನೇ ಬರೆದಿದ್ದೆ.”

ಕಿಟಕಿಯ ಬಳಿ ಎಣ್ಣೆ ಡಬ್ಬಿಯ ಟಿಕ್ ಟಿಕ್ ನಿಂತಿತು. ಸೊಸೆಗೆ ತಾನು ಕಳಿಸಿದ ಪತ್ರದ ಒಂದೊಂದು ಪದವೂ ನೆನಪಾಯಿತು.

“ಬೆಲ್ಟ್ ಸಡಿಲ ಆಗಿತ್ತು ಟೀಚರ್,” ಎಂದರು ಮಾವ, ತಿರುಗದೆ. “ಈಗಲೂ ಆಗಿದೆ. ಮುಂದಿನ ತಿಂಗಳು ಹೊಸದು ತಂದು ಹಾಕ್ತೀನಿ.”

ಟೀಚರ್ ಸೊಸೆಯ ಮುಖ ನೋಡಿದರು. ಕನ್ನಡಕದ ಹಿಂದೆ ಕಣ್ಣು ನಗುತ್ತಿತ್ತು. ಎದ್ದು ಹೋಗಿ ಕಂಪ್ಯೂಟರ್ ಹಚ್ಚಿದರು. ಕೀಲಿಗಳ ಮೇಲೆ ದೊಡ್ಡ ದೊಡ್ಡ ಅಕ್ಷರಗಳ ಚೀಟಿ ಅಂಟಿಸಿದ್ದರು.

“ಮತ್ತೆ ಬರೀಲಾ? ಈ ಸಲ ಏನೂ ತೊಂದರೆ ಇಲ್ವಲ್ಲ?”

“ಇಲ್ಲ ಟೀಚರ್.”

ಆಕೆ ಒಂದೇ ಬೆರಳಲ್ಲಿ ಒತ್ತತೊಡಗಿದರು. ಕಿಟಕಿಯ ಬಳಿ ಮಾವ ದಾರವಿಲ್ಲದ ಯಂತ್ರವನ್ನು ಸುಮ್ಮನೆ ತುಳಿದು ನೋಡುತ್ತಿದ್ದರು. ಖಾಲಿ ಪುಟದಲ್ಲಿ ಒಂದು ಅಕ್ಷರ ಮೂಡಿತು, ಬಹಳ ಹೊತ್ತಾದ ಮೇಲೆ ಇನ್ನೊಂದು. ಸೊಸೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಬಂದಷ್ಟನ್ನೂ ಓದುತ್ತಿದ್ದಳು.